ಅಂತರ್ಜಾಲದ ಹೆಬ್ಬಾಗಿಲಲ್ಲಿ ಕಾವಲುಗಾರರಿಲ್ಲವೇ?

2015ರ ಮಾರ್ಚ್ 12ರ ಮಧ್ಯಾಹ್ನ ಜಗತ್ತಿನ ಹಲವು ಭಾಗಗಳಲ್ಲಿ ಗೂಗಲ್ ಸೇವೆಗಳು ಕೆಲ ನಿಮಿಷಗಳ ಕಾಲ ತಡವರಿಸಿದವು. ಗೂಗಲ್‌ನ ಗಣಕಗಳು ಕೆಟ್ಟಿರಲಿಲ್ಲ. ಸಮುದ್ರದಡಿಯ ಕೇಬಲ್ ತುಂಡಾಗಿರಲಿಲ್ಲ. ನಡೆದದ್ದು ಇಷ್ಟೆ. ಭಾರತದ ಬ್ರಾಡ್‌ಬ್ಯಾಂಡ್ ಕಂಪನಿ ಹಾಥ್‌ವೇಯ ಜಾಲವು, ಗೂಗಲ್ ತಲುಪಬೇಕಾದವರು ತನ್ನ ಮೂಲಕ ಹೋಗಬಹುದು ಎಂಬ ಸುದ್ದಿಯನ್ನು ತನಗೆ ಸಂಪರ್ಕ ಒದಗಿಸುತ್ತಿದ್ದ ಭಾರ್ತಿ ಏರ್‌ಟೆಲ್‌ಗೆ ತಪ್ಪಾಗಿ ರವಾನಿಸಿತು. ಒಂದೆರಡು ವಿಳಾಸಗಳ ಬಗ್ಗೆಯಲ್ಲ, ಗೂಗಲ್‌ನ ಮುನ್ನೂರಕ್ಕೂ ಹೆಚ್ಚು ವಿಳಾಸ ಗುಚ್ಛಗಳ ಬಗ್ಗೆ. ಏರ್‌ಟೆಲ್‌ನ ಯಂತ್ರಗಳು ಅದನ್ನು ನಂಬಿದವು. ನಂಬಿ, ಹೊರದೇಶಗಳ ದೊಡ್ಡ ಜಾಲಗಳಿಗೂ ದಾಟಿಸಿದವು. ಅವುಗಳಲ್ಲಿ ಕೆಲವು ತಾವೂ ನಂಬಿದವು. ಗೂಗಲ್‌ಗೆ ನೇರವಾಗಿ ಹೋಗಬೇಕಿದ್ದ ದತ್ತಾಂಶದ ಪ್ರವಾಹ ಭಾರತದ ಕಡೆಗೆ ತಿರುಗಿತು.

ತಪ್ಪು ಮಾಡಿದ್ದು ಹಾಥ್‌ವೇ, ಸರಿ. ಆದರೆ ಪರಿಣತರು ಅಂದು ಕೇಳಿದ ಪ್ರಶ್ನೆ ಬೇರೆ. ಗೂಗಲ್ ತಲುಪಲು ಏರ್‌ಟೆಲ್‌ಗೆ ತನ್ನದೇ ಉತ್ತಮ ದಾರಿ ಇತ್ತು. ಅದನ್ನು ಬಿಟ್ಟು, ಗಿರಾಕಿ ಕಂಪನಿಯೊಂದು ಹೇಳಿದ ಸುತ್ತುದಾರಿಯನ್ನು ಅದು ಆರಿಸಿಕೊಂಡದ್ದು ಏಕೆ?

ಉತ್ತರ ಇರುವುದು, ಅಂತರ್ಜಾಲದ ಪ್ರತಿ ಜಾಲವೂ ತನ್ನ ಹೊಸ್ತಿಲಲ್ಲಿ ಪಾಲಿಸುವ ಅಥವಾ ಪಾಲಿಸದೆ ಬಿಡುವ ಒಂದು ಶಿಸ್ತಿನಲ್ಲಿ. ತಂತ್ರಜ್ಞರು ಅದನ್ನು ಇನ್‌ಬೌಂಡ್ ಪಾಲಿಸಿ ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ಸ್ವೀಕಾರ ನೀತಿ ಎನ್ನಬಹುದು. ನೆರೆಯ ಜಾಲ ಹೇಳಿದ ಯಾವ ಮಾತನ್ನು ಒಳಗೆ ಬಿಟ್ಟುಕೊಳ್ಳಬೇಕು, ಯಾವುದನ್ನು ಬಾಗಿಲಲ್ಲೇ ತಡೆಯಬೇಕು, ಒಳಬಂದ ಮಾತುಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಎಂಬ ನಿಯಮಗಳ ಕಟ್ಟು ಅದು.

ಪಿನ್ ಕೋಡ್‌ನ ಪಾಠ

ಅಂತರ್ಜಾಲವು ಒಂದೇ ಜಾಲವಲ್ಲ. ತಂತಮ್ಮ ಆಡಳಿತವನ್ನು ತಾವೇ ನೋಡಿಕೊಳ್ಳುವ 70 ಸಾವಿರಕ್ಕೂ ಹೆಚ್ಚು ಸ್ವಾಯತ್ತ ಜಾಲಗಳ ಒಕ್ಕೂಟ. ದೂರಸಂಪರ್ಕ ಕಂಪನಿ, ಬ್ಯಾಂಕು, ವಿಶ್ವವಿದ್ಯಾಲಯ, ಸರ್ಕಾರಿ ಇಲಾಖೆ ಹೀಗೆ ಯಾರದ್ದಾದರೂ ಆಗಬಹುದು. ಪ್ರತಿಯೊಂದಕ್ಕೂ ಒಂದು ಸಂಖ್ಯೆ ಇರುತ್ತದೆ. ಈ ಜಾಲಗಳು ತಮ್ಮಲ್ಲಿ ಯಾವ ವಿಳಾಸಗಳಿವೆ, ತಮ್ಮ ಮೂಲಕ ಯಾರನ್ನು ತಲುಪಬಹುದು ಎಂದು ಪರಸ್ಪರ ಹೇಳಿಕೊಳ್ಳುವ ಭಾಷೆಯೇ ಬಾರ್ಡರ್ ಗೇಟ್‌ವೇ ಪ್ರೋಟೋಕಾಲ್, ಹ್ರಸ್ವವಾಗಿ ಬಿಜಿಪಿ.

1989ರ ಜನವರಿಯಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ನಡೆದ ಸಭೆಯೊಂದರ ಊಟದ ವೇಳೆಯಲ್ಲಿ ಕಿರ್ಕ್ ಲಾಹೀಡ್ ಮತ್ತು ಯಾಕೊವ್ ರೆಖ್ಟರ್ ಎಂಬ ಇಬ್ಬರು ಎಂಜಿನಿಯರುಗಳು ಕೈ ಒರೆಸುವ ಕಾಗದದ ಮೇಲೆ ಇದರ ಮೊದಲ ರೂಪರೇಷೆ ಗೀಚಿದರೆಂಬುದು ಈ ಕ್ಷೇತ್ರದಲ್ಲಿ ಎಲ್ಲರಿಗೂ ತಿಳಿದ ಕಥೆ. ಜಾಲಗಳು ಕೆಲವೇ ಇದ್ದ, ನಡೆಸುವವರು ಒಬ್ಬರಿಗೊಬ್ಬರು ಪರಿಚಿತರಾಗಿದ್ದ ಕಾಲವದು. ನೆರೆಯವನ ಮಾತನ್ನು ಅನುಮಾನಿಸುವ ವ್ಯವಸ್ಥೆಯನ್ನು ಅವರು ಭಾಷೆಯೊಳಗೇ ಕಟ್ಟಲಿಲ್ಲ. ಅನುಮಾನವನ್ನು ಆಯಾ ಜಾಲದವರ ವಿವೇಚನೆಗೆ ಬಿಟ್ಟರು.

ಬಿಜಿಪಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅಂಚೆ ಕಚೇರಿಯ ಹೋಲಿಕೆಯಿಂದ ಗ್ರಹಿಸಬಹುದು. ಬೆಂಗಳೂರಿನ ಪಿನ್ ಕೋಡ್‌ಗಳು 560ರಿಂದ ಆರಂಭವಾಗುತ್ತವೆ. ಬಸವನಗುಡಿಯದ್ದು 560004. ವಿಂಗಡಣೆ ಮಾಡುವ ನೌಕರನ ಮುಂದೆ ಎರಡು ಚೀಲಗಳಿವೆ ಎನ್ನಿ: ಒಂದರ ಮೇಲೆ 560, ಇನ್ನೊಂದರ ಮೇಲೆ 560004. ಬಸವನಗುಡಿಯ ಪತ್ರವನ್ನು ಆತ ಎರಡನೆಯ ಚೀಲಕ್ಕೇ ಹಾಕುತ್ತಾನೆ. ಹೆಚ್ಚು ನಿಖರವಾಗಿರುವುದು ಅದೇ. ಅಂತರ್ಜಾಲದ ರೂಟರ್ ಯಂತ್ರವೂ ಹೀಗೆಯೇ. ದೊಡ್ಡ ವಿಳಾಸ ಗುಚ್ಛಕ್ಕೊಂದು ದಾರಿ, ಅದರೊಳಗಿನ ಚಿಕ್ಕ ಗುಚ್ಛಕ್ಕೆ ಬೇರೊಂದು ದಾರಿ ಇದ್ದರೆ, ಚಿಕ್ಕದ್ದೇ ಗೆಲ್ಲುತ್ತದೆ. ಆ ಚಿಕ್ಕ ಚೀಲವನ್ನು ತಂದಿಟ್ಟವರು ನಿಜಕ್ಕೂ ಬಸವನಗುಡಿಯವರೇ ಎಂದು ನೌಕರ ವಿಚಾರಿಸುವುದಿಲ್ಲ. ವಿಚಾರಿಸಬೇಕಾದದ್ದು ಚೀಲವನ್ನು ಕಚೇರಿಯೊಳಗೆ ಬಿಟ್ಟುಕೊಂಡ ಬಾಗಿಲಿನವನು.

ಪಟ್ಟಿಯಲ್ಲಿರುವುದು ಜಗತ್ತಿನ ನಕ್ಷೆಯಲ್ಲ

ರೂಟರ್‌ನೊಳಗಿನ ಮಾರ್ಗಪಟ್ಟಿಯಲ್ಲಿ ಈಗ ಹತ್ತು ಲಕ್ಷದ ಆಸುಪಾಸಿನಷ್ಟು ನಮೂದುಗಳಿರುತ್ತವೆ. ಇದನ್ನು ಕಂಡವರಿಗೆ ಅದು ಅಂತರ್ಜಾಲದ ನಕ್ಷೆ ಎನಿಸುವುದು ಸಹಜ. ಹಾಗಲ್ಲ. ನೆರೆಯವರು ಹೇಳಿದ್ದರಲ್ಲಿ ಆ ಜಾಲದ ಒಡೆಯರು ಏನನ್ನು ಒಪ್ಪಿದರೋ ಅದರ ದಾಖಲೆ ಅದು. ಒಂದೇ ಊರಿನ ಎರಡು ಕಂಪನಿಗಳ ಪಟ್ಟಿಗಳು ಒಂದೇ ಆಗಿರಬೇಕಿಲ್ಲ.

ನೆರೆಯ ಜಾಲದಿಂದ ಬರುವ ಪ್ರತಿ ಮಾರ್ಗಸೂಚನೆಯೂ ಮೊದಲು ಸ್ವೀಕಾರ ನೀತಿಯ ಜರಡಿಗೆ ಬೀಳುತ್ತದೆ. ಅಲ್ಲಿ ಮೂರರಲ್ಲಿ ಒಂದು ಗತಿ ಅದಕ್ಕೆ ಕಾದಿರುತ್ತದೆ. ತಿರಸ್ಕೃತವಾದರೆ ಕಥೆ ಮುಗಿಯಿತು. ಮಿಕ್ಕ ಮಾರ್ಗಗಳೊಡನೆ ಸ್ಪರ್ಧಿಸುವ ಅವಕಾಶವೂ ಅದಕ್ಕಿಲ್ಲ. ಇದ್ದಂತೆಯೇ ಸ್ವೀಕೃತವಾಗಬಹುದು. ಅಥವಾ ಅದರ ಲಕ್ಷಣಗಳನ್ನು ತಿದ್ದಿ ಒಳಗೆ ಬಿಡಬಹುದು. ಜರಡಿ ದಾಟಿ ಬಂದ ಮಾರ್ಗಗಳ ನಡುವೆ ಮಾತ್ರ ಪೈಪೋಟಿ. ಪ್ರತಿ ಗುಚ್ಛಕ್ಕೂ ಗೆದ್ದ ಒಂದು ಮಾರ್ಗ ಬಳಕೆಗೆ ಬರುತ್ತದೆ. ನೆರೆಯವರಿಗೆ ದಾಟುವುದೂ ಸಾಮಾನ್ಯವಾಗಿ ಆ ಗೆದ್ದ ಮಾರ್ಗವೇ. ಅಂದರೆ ಒಬ್ಬರು ಬಾಗಿಲಲ್ಲಿ ಒಪ್ಪಿದ್ದು ಇನ್ನೊಬ್ಬರ ಬಾಗಿಲಿಗೆ ಬರುವ ಸುದ್ದಿಯಾಗುತ್ತದೆ.

ಮೇಲ್ನೋಟಕ್ಕೆ ತಲೆಕೆಳಗೆನಿಸುವ ಸಂಗತಿಯೊಂದು ಇಲ್ಲಿದೆ. ಒಳಬರುವ ಸುದ್ದಿಗೆ ವಿಧಿಸುವ ನೀತಿ ನಿಯಂತ್ರಿಸುವುದು ಹೊರಹೋಗುವ ದತ್ತಾಂಶವನ್ನು! ಯಾರ ಮಾತನ್ನು ನಂಬುತ್ತೇವೆಯೋ ಅವರ ಕಡೆಗೇ ನಮ್ಮ ಗಾಡಿ ಹೊರಡುತ್ತದಷ್ಟೆ. ಈ ಕ್ಷೇತ್ರಕ್ಕೆ ಹೊಸದಾಗಿ ಬಂದ ಎಂಜಿನಿಯರುಗಳು ಎಡವುವುದು ಇಲ್ಲೇ. ನೀತಿ ಬದಲಿಸಿದ ಮೇಲೂ ಪಟ್ಟಿ ಬದಲಾಗದೆ ಇದ್ದಾಗ ಕಂಗಾಲಾಗುವುದೂ ಉಂಟು. ಈಗಾಗಲೇ ಒಳಬಂದಿರುವ ಮಾರ್ಗಗಳಿಗೆ ಹೊಸ ನಿಯಮ ಅನ್ವಯವಾಗಬೇಕಾದರೆ ನೆರೆಯ ಜಾಲ ತನ್ನ ಸುದ್ದಿಯನ್ನು ಮತ್ತೊಮ್ಮೆ ಹೇಳಬೇಕು, ಇಲ್ಲವೇ ಮೂಲ ಸುದ್ದಿಯ ಪ್ರತಿಯೊಂದನ್ನು ರೂಟರ್ ಪ್ರತ್ಯೇಕವಾಗಿ ಇಟ್ಟುಕೊಂಡಿರಬೇಕು. ಮತ್ತೊಮ್ಮೆ ಹೇಳು ಎಂದು ಕೇಳುವ ಸೌಲಭ್ಯ ಬಿಜಿಪಿಯಲ್ಲಿ ಪ್ರಮಾಣೀಕೃತವಾದದ್ದೇ 2000ದಲ್ಲಿ. ಅದಕ್ಕೆ ಮೊದಲು ಸಂಪರ್ಕವನ್ನೇ ಕಡಿದು ಮತ್ತೆ ಕಟ್ಟುವ ಪದ್ಧತಿ ಇತ್ತು. ನಡೆಯುತ್ತಿರುವ ಜಾಲದಲ್ಲಿ ಹಾಗೆ ಮಾಡಲು ಯಾರು ಮುಂದಾದಾರು? ಜರಡಿ ಸರಿಪಡಿಸುವ ಕೆಲಸ ನಾಳೆಗೆ ಮುಂದೂಡಲ್ಪಡುತ್ತಿದ್ದುದರ ಒಂದು ಕಾರಣ ಇದೂ ಹೌದು.

ಈಗ ಏರ್‌ಟೆಲ್ ಪ್ರಶ್ನೆಗೆ ಬರೋಣ. ಒಂದೇ ಗುಚ್ಛಕ್ಕೆ ಎರಡು ಮಾರ್ಗಗಳು ಸ್ವೀಕೃತವಾದಾಗ, ರೂಟರ್ ಬಹುತೇಕ ಎಲ್ಲಕ್ಕಿಂತ ಮೊದಲು ನೋಡುವುದು ಲೋಕಲ್ ಪ್ರಿಫರೆನ್ಸ್ ಎಂಬ ಅಂಕವನ್ನು. ದಾರಿ ಎಷ್ಟು ಉದ್ದ ಎಂಬುದು ಆಮೇಲಿನ ಮಾತು. ಈ ಅಂಕವನ್ನು ಸ್ವೀಕಾರದ ಹಂತದಲ್ಲಿ ಜಾಲದ ಒಡೆಯರೇ ಹಚ್ಚುತ್ತಾರೆ. ಜಗತ್ತಿನಾದ್ಯಂತ ಸಂಪರ್ಕ ಮಾರುವ ಕಂಪನಿಗಳು ಗಿರಾಕಿಗಳಿಂದ ಬಂದ ಮಾರ್ಗಗಳಿಗೆ ಹೆಚ್ಚು ಅಂಕ, ಸರಿಸಮಾನ ಜಾಲಗಳಿಂದ ಬಂದವಕ್ಕೆ ಕಡಿಮೆ, ತಾವೇ ಹಣ ತೆತ್ತು ಪಡೆಯುವ ಮಾರ್ಗಗಳಿಗೆ ಎಲ್ಲಕ್ಕಿಂತ ಕಡಿಮೆ ಅಂಕ ಕೊಡುವುದು ರೂಢಿ. ಕಾರಣ ಸರಳ: ಗಿರಾಕಿಯ ಕಡೆಗೆ ದತ್ತಾಂಶ ಹರಿದರೆ ಹಣ ಬರುತ್ತದೆ. ಹೀಗಾಗಿ ಹಾಥ್‌ವೇ ತಂದ ಸುತ್ತುದಾರಿ ಏರ್‌ಟೆಲ್‌ನೊಳಗೆ ಗೂಗಲ್‌ನ ನೇರದಾರಿಯನ್ನು ಸೋಲಿಸಿತು. ಯಂತ್ರ ತನಗೆ ಹೇಳಿದಂತೆಯೇ ನಡೆದುಕೊಂಡಿತ್ತು. ಈ ಗಿರಾಕಿಯ ಬಳಿ ಗೂಗಲ್‌ನ ವಿಳಾಸಗಳು ಇರಲು ಹೇಗೆ ಸಾಧ್ಯ ಎಂದು ಬಾಗಿಲಲ್ಲಿ ಕೇಳುವ ನಿಯಮ ಇರಲಿಲ್ಲ, ಅಥವಾ ಇದ್ದರೂ ಅಂದು ಹಿಡಿಯಲಿಲ್ಲ.

ಕರಾಚಿಯಿಂದ ಕ್ಯಾಲಿಫೋರ್ನಿಯಾದವರೆಗೆ

ಈ ಬಗೆಯ ಅವಘಡಗಳಲ್ಲಿ ಜನ ಇಂದಿಗೂ ನೆನೆಯುವುದು 2008ರ ಫೆಬ್ರವರಿ 24ರ ಯೂಟ್ಯೂಬ್ ಪ್ರಕರಣವನ್ನು. ದೇಶದೊಳಗೆ ಯೂಟ್ಯೂಬ್ ಕಾಣದಂತೆ ಮಾಡಬೇಕೆಂದು ಪಾಕಿಸ್ತಾನದ ಅಧಿಕಾರಿಗಳು ಆದೇಶಿಸಿದ್ದರು. ಪಾಕಿಸ್ತಾನ ಟೆಲಿಕಾಂ ಇದಕ್ಕಾಗಿ ಯೂಟ್ಯೂಬ್‌ನ ವಿಳಾಸಗಳನ್ನು ಎಲ್ಲಿಗೂ ಹೋಗದ ಕುರುಡು ದಾರಿಗೆ ತಿರುಗಿಸುವ ಮಾರ್ಗವೊಂದನ್ನು ಸೃಷ್ಟಿಸಿತು. ಅದು ದೇಶದೊಳಗೇ ಉಳಿಯಬೇಕಿತ್ತು. ಉಳಿಯಲಿಲ್ಲ. ಭಾರತೀಯ ಕಾಲಮಾನ ಮಧ್ಯರಾತ್ರಿ 12.17ರ ಸುಮಾರಿಗೆ 208.65.153.0/24 ಎಂಬ ಗುಚ್ಛ ತನ್ನದೆಂಬ ಸುದ್ದಿ ಹಾಂಕಾಂಗ್ ಮೂಲದ ಪಿಸಿಸಿಡಬ್ಲ್ಯು ಜಾಲವನ್ನು ತಲುಪಿತು. ಆ ಜಾಲ ಅದನ್ನು ಜಗತ್ತಿಗೆಲ್ಲ ಹಂಚಿತು.

ಯೂಟ್ಯೂಬ್ ಆ ಹೊತ್ತಿಗೆ ಘೋಷಿಸುತ್ತಿದ್ದುದು 208.65.152.0/22 ಎಂಬ, ನಾಲ್ಕು ಪಟ್ಟು ದೊಡ್ಡ ಗುಚ್ಛವನ್ನು. ಪಿನ್ ಕೋಡ್‌ನ ನಿಯಮ ನೆನಪಿಸಿಕೊಳ್ಳಿ. ಚಿಕ್ಕ ಚೀಲ ಗೆದ್ದಿತು. ಎಂಬತ್ತು ನಿಮಿಷಗಳ ಬಳಿಕ ಯೂಟ್ಯೂಬ್ ತಾನೂ ಅದೇ ಚಿಕ್ಕ ಗುಚ್ಛವನ್ನು ಘೋಷಿಸಿತು. ಆಗ ಸ್ಪರ್ಧೆ ಸಮಬಲದ್ದಾಗಿ, ಯಾರಿಗೆ ಯಾವ ದಾರಿ ಹತ್ತಿರವೋ ಅವರು ಅತ್ತ ಹೋದರು. ಮತ್ತೆ ಹನ್ನೊಂದು ನಿಮಿಷಕ್ಕೆ ಯೂಟ್ಯೂಬ್ ಆ ಗುಚ್ಛವನ್ನು ಎರಡು ತುಂಡು ಮಾಡಿ, ಇನ್ನೂ ಚಿಕ್ಕದಾಗಿ ಘೋಷಿಸಿತು. ಆದರೆ ಇಷ್ಟು ಚಿಕ್ಕ ತುಂಡುಗಳನ್ನು ಬಾಗಿಲಲ್ಲೇ ತಿರಸ್ಕರಿಸುವ ನಿಯಮ ಬಹಳಷ್ಟು ಜಾಲಗಳಲ್ಲಿರುತ್ತದೆ. ಪಟ್ಟಿ ಬೆಳೆದು ಯಂತ್ರದ ಸ್ಮೃತಿ ತುಂಬದಿರಲಿ ಎಂದು ಹಾಕಿಕೊಂಡ ಸ್ವೀಕಾರ ನೀತಿಯದು. ಸುಳ್ಳುಸುದ್ದಿಯನ್ನು ತಡೆಯದ ಜರಡಿ, ಅದರ ಪರಿಹಾರವನ್ನು ತಡೆಯಬಲ್ಲದಾಗಿತ್ತು! ಕಡೆಗೆ ನಸುಕಿನ 2.31ಕ್ಕೆ ಪಿಸಿಸಿಡಬ್ಲ್ಯು ಪಾಕಿಸ್ತಾನ ಟೆಲಿಕಾಂನ ಮಾರ್ಗಗಳನ್ನು ಹಿಂತೆಗೆದುಕೊಂಡ ಮೇಲೆಯೇ ಎಲ್ಲವೂ ತಹಬಂದಿಗೆ ಬಂದದ್ದು.

ಗಮನಿಸಬೇಕಾದ್ದು, ಬೀಗ ಇದ್ದದ್ದು ಮೊದಲಿನಿಂದಲೂ ಪಿಸಿಸಿಡಬ್ಲ್ಯುವಿನ ಕೈಯಲ್ಲಿ. ಗಿರಾಕಿ ಜಾಲಕ್ಕೆ ಸೇರಿದ ವಿಳಾಸಗಳ ಪಟ್ಟಿಯೊಂದನ್ನು ಬಾಗಿಲಲ್ಲಿ ತೂಗುಹಾಕಿದ್ದರೆ ಎರಡು ಗಂಟೆಗೂ ಹೆಚ್ಚಿನ ಪರದಾಟ ಪಾಕಿಸ್ತಾನದ ಗಡಿಯೊಳಗೇ ಮುಗಿಯುತ್ತಿತ್ತು.

ಬರೆ ಬೀಳುವುದು ಯಾರಿಗೆ?

ಹಾಗಿದ್ದರೆ ಕಂಪನಿಗಳು ಜರಡಿ ಹಾಕಲು ಹಿಂಜರಿಯುವುದೇಕೆ? ಸೋಮಾರಿತನ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ, ಆದರೆ ಅದು ಪೂರ್ಣ ಸತ್ಯವಲ್ಲ. ಗಿರಾಕಿಗಳಿಗೆ ಹೊಸ ವಿಳಾಸಗಳು ಸೇರುತ್ತಿರುತ್ತವೆ; ಗಿರಾಕಿಗೂ ಗಿರಾಕಿಗಳಿರುತ್ತಾರೆ. ಪಟ್ಟಿಯನ್ನು ನಿತ್ಯ ತಿದ್ದದಿದ್ದರೆ ಸಾಚಾ ಮಾರ್ಗವೂ ತಿರಸ್ಕೃತವಾಗಿ, ರಾತ್ರೋರಾತ್ರಿ ದೂರವಾಣಿ ಗುನುಗತೊಡಗುತ್ತದೆ. ಜರಡಿ ಬಿಗಿಯಾಗಿದ್ದರೆ ತನ್ನ ಗಿರಾಕಿ ಬೈಯುತ್ತಾನೆ. ಸಡಿಲವಾಗಿದ್ದರೆ ನೋವು ಬೇರೆಲ್ಲೋ ಇರುವ ಅಪರಿಚಿತನಿಗೆ. ಲೆಕ್ಕಾಚಾರ ಯಾವ ಕಡೆ ವಾಲುತ್ತದೆಂದು ಹೇಳಬೇಕಿಲ್ಲ.

2019ರ ಜೂನ್ 24ರ ಘಟನೆ ಇದಕ್ಕೆ ಸಾಕ್ಷಿ. ಅಮೆರಿಕದ ಪೆನ್ಸಿಲ್ವೇನಿಯಾದ ಡಿಕ್ಯುಇ ಎಂಬ ಸಣ್ಣ ಸೇವಾದಾರ ಸಂಸ್ಥೆ, ದೊಡ್ಡ ಗುಚ್ಛಗಳನ್ನು ತನ್ನೊಳಗೆ ಚಿಕ್ಕದಾಗಿ ಒಡೆದು ದಟ್ಟಣೆ ಹಂಚುವ ತಂತ್ರಾಂಶವೊಂದನ್ನು ಬಳಸುತ್ತಿತ್ತು. ಆ ಕೃತಕ ತುಂಡುಗಳು ಅದರ ಗಿರಾಕಿಯಾದ ಅಲೆಘೇನಿ ಟೆಕ್ನಾಲಜೀಸ್ ಎಂಬ ಲೋಹ ಕಂಪನಿಗೆ ಸೋರಿದವು. ಆ ಕಂಪನಿ ವೆರಿಝಾನ್‌ನ ಗಿರಾಕಿಯೂ ಆಗಿತ್ತು, ಅತ್ತಲೂ ದಾಟಿಸಿತು. ಲೋಹ ತಯಾರಿಸುವ ಕಂಪನಿಯೊಂದು ತಾನು ಅಂತರ್ಜಾಲದ ಸಾವಿರಾರು ಗುಚ್ಛಗಳಿಗೆ ದಾರಿ ಎಂದದ್ದನ್ನು ವೆರಿಝಾನ್‌ನಂಥ ದೈತ್ಯ ಜಾಲ ಒಪ್ಪಿ, ಸಾರಿತು. ಭಾರತದಲ್ಲಿ ಆಗ ಸಂಜೆ ನಾಲ್ಕು ಗಂಟೆ. ಸುಮಾರು ಎರಡು ತಾಸು ಅಮೆಜಾನ್, ಕ್ಲೌಡ್‌ಫ್ಲೇರ್ ಮೊದಲಾದವರ ಸೇವೆಗಳು ಏರುಪೇರಾದವು. ತನ್ನ ಜಾಗತಿಕ ದಟ್ಟಣೆಯ ಶೇ. 15ರಷ್ಟನ್ನು ಒಂದು ಹಂತದಲ್ಲಿ ಕಳೆದುಕೊಂಡಿದ್ದಾಗಿ ಕ್ಲೌಡ್‌ಫ್ಲೇರ್ ಹೇಳಿತು. ವೆರಿಝಾನ್ ಮೇಲೆ ಬಹಿರಂಗವಾಗಿಯೇ ಹರಿಹಾಯ್ದಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಇಂಥ ಸ್ಥಿತಿಗೆ ಅತಿ ಅಗ್ಗದ ಮದ್ದೊಂದಿದೆ. ಈ ಗಿರಾಕಿಯಿಂದ ಇಂತಿಷ್ಟಕ್ಕಿಂತ ಹೆಚ್ಚು ಮಾರ್ಗಗಳು ಬಂದರೆ ಸಂಪರ್ಕ ಕಡಿದುಬಿಡು ಎಂಬ ಮಿತಿ. ಹತ್ತಾರು ಮಾರ್ಗ ಹೇಳುವ ಗಿರಾಕಿ ಇದ್ದಕ್ಕಿದ್ದಂತೆ ಸಾವಿರಾರು ಹೇಳತೊಡಗಿದರೆ ಏನೋ ಕೆಟ್ಟಿದೆಯೆಂದೇ ಅರ್ಥ. ಒಂದು ಸಾಲಿನ ನಿಯಮವಿದು. 1997ರ ಏಪ್ರಿಲ್ 25ರಂದು ಎಎಸ್ 7007 ಸಂಖ್ಯೆಯ ಜಾಲ ಇದೇ ಬಗೆಯ ತುಂಡುಗಳನ್ನು ಸೋರಿಸಿ ಅಂದಿನ ಅಂತರ್ಜಾಲವನ್ನು ಕಂಗೆಡಿಸಿದಾಗಲೇ ಇದರ ಅಗತ್ಯ ಮನವರಿಕೆಯಾಗಿತ್ತು. ಇಪ್ಪತ್ತೆರಡು ವರ್ಷಗಳ ಬಳಿಕವೂ ಅದೇ ಪಾಠ.

ನಮೂದುಗಳ ಸಂಖ್ಯೆ ಹೆಚ್ಚುವುದೇ ಒಂದು ಅಪಾಯ ಎಂಬುದು 2014ರ ಆಗಸ್ಟ್ 12ರಂದು ಬೇರೆ ರೀತಿಯಲ್ಲಿ ಸಾಬೀತಾಯಿತು. ಅಂದು ಕೆಲ ಸಾವಿರ ಹೆಚ್ಚುವರಿ ತುಂಡುಗಳು ಘೋಷಣೆಗೊಂಡು ಜಾಗತಿಕ ಪಟ್ಟಿ 5 ಲಕ್ಷ 12 ಸಾವಿರದ ಗಡಿ ದಾಟಿತು. ಅಷ್ಟೇ ಸಾಮರ್ಥ್ಯಕ್ಕೆ ನಿಗದಿಯಾಗಿದ್ದ ಹಳೆಯ ರೂಟರ್‌ಗಳು ತತ್ತರಿಸಿದವು. ಅಂಥ ಯಂತ್ರವಿದ್ದವರಿಗೆ ಮುಂದೆ ಉಳಿದಿದ್ದ ದಾರಿ ಎರಡು: ಹೊಸ ಯಂತ್ರ ಕೊಳ್ಳುವುದು, ಇಲ್ಲವೇ ಚಿಕ್ಕ ತುಂಡುಗಳನ್ನು ಬಾಗಿಲಲ್ಲೇ ಬಿಟ್ಟು, ಮಿಕ್ಕದ್ದೆಲ್ಲ ಮೇಲಿನ ಜಾಲಕ್ಕೆ ಹೋಗಲಿ ಎಂಬ ಒಂದೇ ಸಾಮಾನ್ಯ ಮಾರ್ಗವನ್ನು ಇಟ್ಟುಕೊಳ್ಳುವುದು.

ಇವೆಲ್ಲ ಕೈತಪ್ಪುಗಳು. ಬೇಕೆಂದೇ ಮಾಡುವವರಿದ್ದರೆ? 2018ರ ಏಪ್ರಿಲ್ 24ರಂದು ಅದೂ ಆಯಿತು. ಅಮೆಜಾನ್‌ನ ಹೆಸರು-ವಿಳಾಸ ಸೇವೆಗೆ ಸೇರಿದ ಗುಚ್ಛಗಳನ್ನು ಓಹಾಯೊದ ಜಾಲವೊಂದರ ಮೂಲಕ ಸುಳ್ಳಾಗಿ ಘೋಷಿಸಲಾಯಿತು. ಮೈಈಥರ್‌ವಾಲೆಟ್ ಎಂಬ ಕ್ರಿಪ್ಟೊ ತಾಣಕ್ಕೆ ಹೊರಟವರು ನಕಲಿ ತಾಣಕ್ಕೆ ಹೋಗಿ ಬಿದ್ದರು. ಸುಮಾರು ಒಂದೂವರೆ ಲಕ್ಷ ಡಾಲರ್ ಮೌಲ್ಯದ ಈಥರ್ ಕಳುವಾಯಿತು. ಸುಳ್ಳು ಗುಚ್ಛವನ್ನು ನೆರೆಯ ದೊಡ್ಡ ಜಾಲ ಒಪ್ಪದಿದ್ದರೆ ಕಳ್ಳರ ಕೈಗೆ ಏನೂ ಸಿಗುತ್ತಿರಲಿಲ್ಲ.

ಮುದ್ರೆ ಬಂದಿದೆ, ಆದರೆ

ಕಳೆದ ಕೆಲ ವರ್ಷಗಳಲ್ಲಿ ಪರಿಸ್ಥಿತಿ ಸುಧಾರಿಸಿದೆ ಎನ್ನಲು ಕಾರಣಗಳಿವೆ. ಸ್ವೀಕಾರ ನೀತಿಯನ್ನೇ ಬರೆಯದೆ ಬಿಟ್ಟರೆ ಎಲ್ಲವನ್ನೂ ಒಪ್ಪಿಕೊಳ್ಳುವುದು ಬಹುಕಾಲ ಹಲವು ತಯಾರಕರ ರೂಟರ್‌ಗಳ ಹುಟ್ಟುಗುಣವಾಗಿತ್ತು. 2017ರಲ್ಲಿ ಹೊರಬಂದ ಆರ್‌ಎಫ್‌ಸಿ 8212 ಎಂಬ ಮಾನಕ ಇದನ್ನು ತಿರುವುಮುರುವು ಮಾಡಿತು: ನೀತಿ ಇಲ್ಲವೆಂದರೆ ಏನನ್ನೂ ಒಪ್ಪಬೇಡ, ಏನನ್ನೂ ಹೇಳಬೇಡ.

ಅದಕ್ಕಿಂತ ದೊಡ್ಡದು ಆರ್‌ಪಿಕೆಐ. ಇಂಥ ಗುಚ್ಛವನ್ನು ಘೋಷಿಸುವ ಹಕ್ಕು ಇಂಥ ಸಂಖ್ಯೆಯ ಜಾಲಕ್ಕಿದೆ, ಇಷ್ಟಕ್ಕಿಂತ ಚಿಕ್ಕದಾಗಿ ಒಡೆಯುವಂತಿಲ್ಲ ಎಂದು ವಿಳಾಸದ ಒಡೆಯರು ಗಣಿತದ ಮುದ್ರೆ ಒತ್ತಿದ ಪ್ರಮಾಣಪತ್ರ ಪ್ರಕಟಿಸುತ್ತಾರೆ. ಅದಕ್ಕೆ ವಿರುದ್ಧವಾಗಿ ಬಂದ ಮಾರ್ಗವನ್ನು ಬಾಗಿಲಲ್ಲಿ ತಿರಸ್ಕರಿಸುವುದು ಸ್ವೀಕರಿಸುವವರ ಕೆಲಸ. 2024ರ ಮೇ ತಿಂಗಳ ಹೊತ್ತಿಗೆ ಐಪಿ ನಾಲ್ಕನೇ ಆವೃತ್ತಿಯ ಜಾಗತಿಕ ಮಾರ್ಗಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಇಂಥ ಪತ್ರ ಪಡೆದಿದ್ದವು. ಭಾರತದಲ್ಲಿ ವಿಳಾಸ ಹಂಚುವ ಐಆರ್‌ಐಎನ್‌ಎನ್ ಸಂಸ್ಥೆಯ ಮೂಲಕ ಇಲ್ಲಿನ ಜಾಲಗಳೂ ಇದನ್ನು ಪಡೆಯಬಹುದು. 2021ರ ಏಪ್ರಿಲ್ 16ರ ಸಂಜೆ ವೊಡಾಫೋನ್ ಐಡಿಯಾದ ಜಾಲ ತನ್ನದಲ್ಲದ 30 ಸಾವಿರಕ್ಕೂ ಹೆಚ್ಚು ಗುಚ್ಛಗಳನ್ನು ತನ್ನವೆಂದು ಘೋಷಿಸಿ, ಎಂದಿನ ಹದಿಮೂರು ಪಟ್ಟು ದಟ್ಟಣೆಯನ್ನು ಮೈಮೇಲೆ ಎಳೆದುಕೊಂಡ ಪ್ರಕರಣದಂಥವಕ್ಕೆ ಈ ಮದ್ದು ನಾಟುತ್ತದೆ. 2008ರ ಯೂಟ್ಯೂಬ್ ಪ್ರಕರಣಕ್ಕೂ ನಾಟುತ್ತಿತ್ತು.

ಪತ್ರ ಪ್ರಕಟಿಸಿದ ಮಾತ್ರಕ್ಕೆ ಮಾತ್ರ ಏನೂ ಆಗದು. 2019ರಲ್ಲಿ ಕ್ಲೌಡ್‌ಫ್ಲೇರ್ ಪತ್ರ ಪ್ರಕಟಿಸಿಯೇ ಇತ್ತು. ಎಟಿ ಅಂಡ್ ಟಿ ಬಾಗಿಲಲ್ಲಿ ಅದನ್ನು ಪರಿಶೀಲಿಸಲು ಆಗಲೇ ಆರಂಭಿಸಿತ್ತು, ವೆರಿಝಾನ್ ಆರಂಭಿಸಿರಲಿಲ್ಲ. ತನ್ನ ಆಸ್ತಿಯ ದಾಖಲೆ ಎಷ್ಟೇ ಸರಿಯಿದ್ದರೂ ರಕ್ಷಣೆ ದೊರೆಯಬೇಕಾದರೆ ಇನ್ನೊಬ್ಬರು ಅದನ್ನು ಓದಬೇಕು.

ಬೆಂಗಳೂರಿನ ಕಚೇರಿಗಳು, ಹುಬ್ಬಳ್ಳಿ, ಮಂಗಳೂರಿನ ಬ್ಯಾಂಕುಗಳು, ಜಿಲ್ಲಾ ಕೇಂದ್ರಗಳ ಕೇಬಲ್ ಅಂತರ್ಜಾಲ ಸೇವಾದಾರರು ಸಂಪರ್ಕ ಕೊಳ್ಳುವಾಗ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ವೇಗ ಮತ್ತು ದರಕ್ಕೆ ಸಂಬಂಧಿಸಿದವು. ನಮ್ಮಿಂದ ಬರುವ ಮಾರ್ಗಗಳಿಗೆ ಸಂಖ್ಯೆಯ ಮಿತಿ ಹಾಕಿದ್ದೀರಾ, ನಿಮ್ಮ ಇತರ ಗಿರಾಕಿಗಳು ನಮ್ಮ ವಿಳಾಸಗಳನ್ನು ತಮ್ಮವೆಂದರೆ ತಡೆಯುತ್ತೀರಾ, ಅಮಾನ್ಯ ಪ್ರಮಾಣಪತ್ರದ ಮಾರ್ಗಗಳನ್ನು ಎಸೆಯುತ್ತೀರಾ ಎಂಬ ಮೂರು ಪ್ರಶ್ನೆಗಳು ಕರಾರುಪತ್ರದಲ್ಲಿ ಸೇರುವುದು ವಿರಳ. ಕೊಳ್ಳುವವರು ಕೇಳದ್ದನ್ನು ಮಾರುವವರು ತಾವಾಗಿಯೇ ಕೊಡುವ ಪರಿಪಾಠ ಯಾವ ಸಂತೆಯಲ್ಲೂ ಇಲ್ಲ.

ಇನ್ನು, 2015ರ ಮಾರ್ಚ್ 12ರ ಗೂಗಲ್ ಪ್ರಕರಣ ಮರುಕಳಿಸಿದರೆ ಈ ಪ್ರಮಾಣಪತ್ರ ಹಿಡಿಯುವುದೇ? ಹಿಡಿಯಲಾರದು. ಹಾಥ್‌ವೇ ಅಂದು ಗೂಗಲ್‌ನ ವಿಳಾಸಗಳನ್ನು ತನ್ನವೆಂದು ಹೇಳಿಕೊಂಡಿರಲಿಲ್ಲ; ಅವು ಗೂಗಲ್‌ನವೇ, ದಾರಿ ಮಾತ್ರ ತನ್ನ ಮೂಲಕ ಎಂದಿತ್ತು. ಪ್ರಮಾಣಪತ್ರ ನೋಡುವುದು ಮೂಲವನ್ನು, ದಾರಿಯನ್ನಲ್ಲ. ಯಾರು ಯಾರಿಗೆ ಗಿರಾಕಿ, ಯಾರು ಸರಿಸಮಾನರು ಎಂಬುದನ್ನು ಸಂಪರ್ಕದಲ್ಲೇ ನಮೂದಿಸುವ ಆರ್‌ಎಫ್‌ಸಿ 9234 ಮಾನಕ 2022ರಲ್ಲಿ ಬಂದಿದೆ. ದಾರಿಯನ್ನೂ ಪರಿಶೀಲಿಸುವ ಆಸ್ಪಾ ಎಂಬ ವ್ಯವಸ್ಥೆ ಬಳಕೆಯ ಆರಂಭದ ಹಂತದಲ್ಲಿದೆ. ಇವು ಎಲ್ಲೆಡೆ ನೆಲೆಗೊಳ್ಳುವ ತನಕ, ಗಿರಾಕಿ ತಂದ ಮಾರ್ಗದಲ್ಲಿ ಗೂಗಲ್‌ನಂಥ ಭಾರಿ ಜಾಲದ ಸಂಖ್ಯೆ ಕಂಡರೆ ತಿರಸ್ಕರಿಸು ಎಂದು ಎಂಜಿನಿಯರೊಬ್ಬರು ಕೈಯಾರೆ ಬರೆದಿಟ್ಟ ಒಂದೆರಡು ಸಾಲಿನ ನಿಯಮವೇ ಗತಿ.